ಗಾಯ ಎರಡಾಣೆ, ಭುಜ ಹನ್ನೆರಡಾಣೆ: ಪೇಸ್‌ಮೇಕರ್ ಹಾಕಿಸಿಕೊಂಡ ಮೇಲಿನ ನೋವಿನ ಒಂದು ಪ್ರಕರಣ

ರೋಗಿ 63 ವರ್ಷದ ಹೆಂಗಸು. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯವರು. ಮನೆಯಲ್ಲಿ ಗಂಡ, ಮಗ, ಸೊಸೆ, ಎರಡು ಹಸು. ಹಾಲು ಕರೆದು ಡೇರಿಗೆ ಹಾಕುವುದು ಇವರದೇ ಕೆಲಸ. ಸಕ್ಕರೆ ಕಾಯಿಲೆಗೆ, ಬಿಪಿಗೆ ಹಲವು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾನು ಮಂಡ್ಯದಲ್ಲಿ ಫಿಜಿಯೋಥೆರಪಿಸ್ಟ್. ಆಪರೇಷನ್ ಆದ ಮೂರನೇ ವಾರದಲ್ಲಿ ಇವರು ನನ್ನ ಹತ್ತಿರ ಬಂದರು. ಅದಕ್ಕೆ ಮುಂಚಿನ ಕಥೆ ಫೈಲಿನಲ್ಲಿ ಇದ್ದದ್ದು, ಮತ್ತು ಅತ್ತೆ ಸೊಸೆ ಇಬ್ಬರೂ ಸೇರಿ ಹೇಳಿದ್ದು.

ಕೆಲವು ತಿಂಗಳಿಂದ ಸುಸ್ತು ಇತ್ತು. ಡೇರಿಗೆ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಕೂರುತ್ತಿದ್ದರು. ವಯಸ್ಸಾಯಿತು ಎಂದು ಮನೆಯವರೂ ಸುಮ್ಮನಿದ್ದರು. ಒಂದು ದಿನ ಕೊಟ್ಟಿಗೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಕರೆದುಕೊಂಡು ಹೋದಾಗ ನಾಡಿ ನಿಮಿಷಕ್ಕೆ 36. ಇಸಿಜಿಯಲ್ಲಿ ಕಂಡದ್ದು ಕಂಪ್ಲೀಟ್ ಹಾರ್ಟ್ ಬ್ಲಾಕ್. ಬ್ಲಾಕ್ ಎಂದ ಕೂಡಲೇ ಜನ ರಕ್ತನಾಳ ಕಟ್ಟಿದೆ ಎಂದುಕೊಳ್ಳುತ್ತಾರೆ. ಇದು ಅದಲ್ಲ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ಮಿಡಿತದ ಸಂಕೇತ ಕೆಳಗಿನ ಕೋಣೆಗೆ ತಲುಪುವುದಿಲ್ಲ. ಕೆಳಗಿನ ಕೋಣೆ ತನ್ನ ಪಾಡಿಗೆ ನಿಧಾನವಾಗಿ ಬಡಿದುಕೊಳ್ಳುತ್ತಿರುತ್ತದೆ. ಮೈಸೂರಿಗೆ ಕಳಿಸಿದರು. ಅಲ್ಲಿ ಎಡಗಡೆ ಕಾಲರ್ ಬೋನ್ ಕೆಳಗೆ ಪೇಸ್‌ಮೇಕರ್, ಅಂದರೆ ಹೃದಯಕ್ಕೆ ಮಿಡಿಯುವ ಸಂಕೇತ ಕೊಡುವ ಬ್ಯಾಟರಿ ಪೆಟ್ಟಿಗೆ ಇಟ್ಟು, ಎರಡು ತಂತಿಗಳನ್ನು ರಕ್ತನಾಳದ ಮೂಲಕ ಹೃದಯಕ್ಕೆ ಬಿಟ್ಟರು. ಆ ಜಾಗ ಮಾತ್ರ ಮರಗಟ್ಟಿಸಿ ಮಾಡಿದ ಆಪರೇಷನ್. ಮೂರನೇ ದಿನ ಮನೆಗೆ ಕಳಿಸಿದರು. ನಾಡಿ 70. ತಲೆಸುತ್ತು ಮಾಯ.

ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ನೋವು ಶುರುವಾಗಿದ್ದೇ ಇಲ್ಲಿಂದ.

ಮೊದಲ ಎರಡು ವಾರ

ಪೇಸ್‌ಮೇಕರ್ ನೋವು ಎಂದರೆ ಹೃದಯದ ನೋವು ಎಂದು ಬಹಳ ಜನ ತಿಳಿದಿದ್ದಾರೆ. ತಂತಿ ಒಳಗೆ ಚುಚ್ಚುತ್ತಿರಬೇಕು ಎಂದು ಹೆದರುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ನೋಯುವುದು ಪೆಟ್ಟಿಗೆ ಇಟ್ಟ ಜಾಗ. ನಾಲ್ಕೈದು ಸೆಂಟಿಮೀಟರ್ ಚರ್ಮ ಕೊಯ್ದು, ಕೊಬ್ಬಿಗೂ ಎದೆಯ ಸ್ನಾಯುವಿಗೂ ನಡುವೆ ಬಿಡಿಸಿ ಒಂದು ಜೇಬಿನಷ್ಟು ಜಾಗ ಮಾಡಿರುತ್ತಾರೆ. ಅಲ್ಲಿ 20-30 ಗ್ರಾಂ ತೂಕದ ಪೆಟ್ಟಿಗೆ ಕೂರುತ್ತದೆ. ಮೊದಲ ಎರಡು ಮೂರು ದಿನ ಇದು ಚೆನ್ನಾಗಿಯೇ ನೋಯುತ್ತದೆ. ಆಮೇಲೆ ದಿನದಿನಕ್ಕೆ ಇಳಿದು, ಒಂದೆರಡು ವಾರದಲ್ಲಿ ಮುಟ್ಟಿದರೆ ಮಾತ್ರ ಗೊತ್ತಾಗುವ ಮಟ್ಟಕ್ಕೆ ಬರುತ್ತದೆ. ಸುತ್ತ ಕಪ್ಪು ನೀಲಿ ಕಂದು ಬಣ್ಣ ಬರಬಹುದು. ಅದು ಎದೆಯ ಕಡೆಗೋ ತೋಳಿನ ಕಡೆಗೋ ಇಳಿದು, ಹಸಿರಾಗಿ, ಹಳದಿಯಾಗಿ ಹೋಗುತ್ತದೆ. ಈ ಇಳಿಯುವುದನ್ನು ಕಂಡು ಸೊಸೆ ವಿಷ ಹರಡುತ್ತಿದೆ ಎಂದು ಅತ್ತಿದ್ದಳಂತೆ. ಯಾರೂ ಮೊದಲೇ ಹೇಳಿರಲಿಲ್ಲ.

ಡಿಸ್ಚಾರ್ಜ್ ಹಾಳೆಯಲ್ಲಿ ಬರೆದಿದ್ದು ಇಷ್ಟು: ಎಡಗೈಯನ್ನು ಆರು ವಾರ ಭುಜದ ಮಟ್ಟಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು, ಗಾಯ ನೆನೆಸಬಾರದು. ಎಲ್ಲ ಸರಿಯೇ. ಆದರೆ ಏನು ಮಾಡಬಹುದು ಎಂದು ಒಂದು ಸಾಲೂ ಇರಲಿಲ್ಲ. ಮನೆಗೆ ಬಂದ ದಿನವೇ ನೆಂಟರು, ಅಕ್ಕಪಕ್ಕದವರು ನೋಡಲು ಬಂದರು. ಬಂದವರೆಲ್ಲ ಒಂದೊಂದು ಕಥೆ ತಂದರು. ಯಾವುದೋ ಊರಿನಲ್ಲಿ ಯಾರದೋ ತಂತಿ ಕಿತ್ತುಹೋಯಿತಂತೆ, ಅವನು ಬರೀ ಟವೆಲ್ ಕೊಡವಿದ್ದನಂತೆ. ಅವತ್ತು ಸಂಜೆಯೇ ಮಗ ಒಂದು ಟವೆಲ್ಲಿನಲ್ಲಿ ತಾಯಿಯ ಕೈಯನ್ನು ಕುತ್ತಿಗೆಗೆ ಕಟ್ಟಿದ. ಆ ಕಟ್ಟು ಹಗಲೂ ಬಿಚ್ಚಲಿಲ್ಲ, ರಾತ್ರಿಯೂ ಬಿಚ್ಚಲಿಲ್ಲ. ಊಟ ಮಾಡಿಸುವುದು, ಸೀರೆ ಉಡಿಸುವುದು ಎಲ್ಲ ಸೊಸೆಯದೇ. ಮಲಗಿದರೆ ಕೈ ಜಾರುತ್ತದೆ ಎಂದು ಗೋಡೆಗೆ ಒರಗಿ ಕೂತೇ ನಿದ್ದೆ.

ಮಾತ್ರೆಯ ಕಥೆ ಇನ್ನೂ ವಿಚಿತ್ರ. ನೋವಿದ್ದರೆ ಮಾತ್ರ ನುಂಗಿ ಎಂದು ಪ್ಯಾರಾಸಿಟಮಾಲ್ ಕೊಟ್ಟಿದ್ದರು. ಅಮ್ಮ ಎರಡು ನುಂಗಿ ಉಳಿದದ್ದನ್ನು ಎತ್ತಿಟ್ಟರು. ಇಷ್ಟೊಂದು ಮಾತ್ರೆ ಉಷ್ಣ ಆಗುತ್ತದೆ, ಕಿಡ್ನಿ ಹೋಗುತ್ತದೆ ಎಂಬ ಭಯ. ಆಮೇಲೆ ಭುಜದ ನೋವು ತಡೆಯಲಾಗದೆ ನರಳುವಾಗ ಮಗ ಮೆಡಿಕಲ್ ಸ್ಟೋರಿಗೆ ಹೋಗಿ "ನೋವಿಗೆ ಒಳ್ಳೆ ಮಾತ್ರೆ ಕೊಡಿ" ಎಂದ. ಅವರು ಕೊಟ್ಟಿದ್ದು ಡೈಕ್ಲೋಫೆನಾಕ್ ಸೇರಿದ ಮಾತ್ರೆ. ಕಿಡ್ನಿಯ ಭಯಕ್ಕೆ ಸೌಮ್ಯವಾದದ್ದನ್ನು ಬಿಟ್ಟು, ನಿಜವಾಗಿಯೂ ಕಿಡ್ನಿಗೆ ತೊಂದರೆ ಕೊಡಬಲ್ಲದ್ದನ್ನು ನುಂಗಿದ ಹಾಗಾಯಿತು. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಈ ಜಾತಿಯ ಮಾತ್ರೆಗಳು, ಐಬುಪ್ರೊಫೆನ್ ಕೂಡ ಸೇರಿ, ಡಾಕ್ಟರನ್ನು ಕೇಳದೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗಂತೂ ಗಾಯದೊಳಗೆ ರಕ್ತ ತುಂಬಿಕೊಳ್ಳುವ ಅಪಾಯವೂ ಇದೆ. ಇವರಿಗೆ ಆದದ್ದು ಹೊಟ್ಟೆ ಉರಿ, ಅಷ್ಟಕ್ಕೆ ನಿಂತಿತು.

ಎರಡನೇ ವಾರದ ಕೊನೆಗೆ ಮೈಸೂರಿಗೆ ಹೋದಾಗ ಗಾಯ ಚೆನ್ನಾಗಿ ಕೂಡಿತ್ತು. ಪೆಟ್ಟಿಗೆ ಪರೀಕ್ಷೆ ಮಾಡಿದರು, ಅದೂ ಸರಿಯಿತ್ತು. ಭುಜ ನೋಯುತ್ತದೆ ಎಂದಾಗ ಊರಿನ ಹತ್ತಿರ ಫಿಜಿಯೋಥೆರಪಿ ಮಾಡಿಸಿ ಎಂದು ಚೀಟಿ ಕೊಟ್ಟರು.

ನಾನು ನೋಡಿದಾಗ

ಕೈ ಇನ್ನೂ ಟವೆಲ್ಲಿನಲ್ಲಿತ್ತು. ಎಡ ಭುಜ ಕಿವಿಯ ಹತ್ತಿರಕ್ಕೆ ಏರಿ ಕೂತಿತ್ತು. ಕುತ್ತಿಗೆ ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಬಲಗೈ ಎರಡು ನಿಮಿಷಕ್ಕೊಮ್ಮೆ ಪೆಟ್ಟಿಗೆಯ ಉಬ್ಬಿನ ಮೇಲೆ ಹೋಗುತ್ತಿತ್ತು.

ನೋವು ಎಷ್ಟಿದೆ ಎಂದು ಕೇಳುವುದೇ ನಮ್ಮ ಕಡೆ ಒಂದು ಕಷ್ಟ. ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರೆ ಹಿರಿಯರು ಮುಖ ನೋಡುತ್ತಾರೆ. ನಾನು ಆಣೆ ಲೆಕ್ಕ ಕೇಳುತ್ತೇನೆ. ತಡೆಯಲಾಗದ ನೋವು ಹದಿನಾರಾಣೆ ಅಂತ ಇಟ್ಟುಕೊಂಡರೆ ಈಗ ಎಷ್ಟಾಣೆ? ಇದು ಎಲ್ಲರಿಗೂ ಅರ್ಥವಾಗುತ್ತದೆ. ಗಾಯದ್ದು ಬೇರೆ, ಭುಜದ್ದು ಬೇರೆ ಹೇಳಿ ಅಮ್ಮ ಎಂದೆ. ಸ್ವಲ್ಪ ಯೋಚಿಸಿ ಹೇಳಿದರು: "ಕುಯ್ದಿರೋ ತಾವು ಎಲ್ಡಾಣೆ ಕಣವ್ವ. ಭುಜದ್ದೇ ಹನ್ನೆರಡಾಣೆ. ರಾತ್ರಿಯಾದ್ರೆ ಹದಿನಾರಾಣೆನೂ ಆಯ್ತದೆ."

ಪ್ರಕರಣದ ತಿರುಳು ಈ ಉತ್ತರದಲ್ಲಿದೆ. ಆಪರೇಷನ್ನಿನ ನೋವು ತನ್ನ ಪಾಡಿಗೆ ಇಳಿದುಹೋಗಿತ್ತು. ಅವರನ್ನು ಕಾಡುತ್ತಿದ್ದದ್ದು ಅಲುಗಾಡಿಸದೆ ಕಟ್ಟಿಟ್ಟ ಭುಜ. ಮೂರು ವಾರ ಇವೆರಡೂ ಒಂದೇ ನೋವು ಎಂದು ಇಡೀ ಮನೆ ನಂಬಿತ್ತು. ನೋವು ಜಾಸ್ತಿಯಾದಷ್ಟೂ ಕಟ್ಟು ಬಿಗಿಯಾಯಿತು. ಕಟ್ಟು ಬಿಗಿಯಾದಷ್ಟೂ ನೋವು ಜಾಸ್ತಿಯಾಯಿತು.

ಮುಟ್ಟುವ ಮೊದಲು ಬೇರೆ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಗಾಯದ ಸುತ್ತ ಕೆಂಪು ಇಲ್ಲ, ಬಿಸಿ ಇಲ್ಲ, ಕೀವು ಇಲ್ಲ, ಜ್ವರ ಇಲ್ಲ. ಉಬ್ಬು ದಿನದಿನಕ್ಕೆ ದೊಡ್ಡದಾಗುತ್ತಿಲ್ಲ. ತೋಳು ಊದಿಲ್ಲ. ಊದಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಅನುಮಾನ ಬರುತ್ತಿತ್ತು. ಉಸಿರೆಳೆದಾಗ ಎದೆ ಚುಚ್ಚುವುದಿಲ್ಲ, ಏದುಸಿರು ಇಲ್ಲ. ಬಿಡದೆ ಬಿಕ್ಕಳಿಕೆ ಬರುತ್ತಿಲ್ಲ. ಬಿಕ್ಕಳಿಕೆ ಕೇಳಿದ್ದಕ್ಕೆ ಸೊಸೆ ನಕ್ಕಳು, ಆದರೆ ಅದು ಸುಮ್ನೆ ಕೇಳಿದ ಪ್ರಶ್ನೆಯಲ್ಲ. ತಂತಿ ಜಾಗ ತಪ್ಪಿ ಹೊಟ್ಟೆಗೂ ಎದೆಗೂ ನಡುವಿನ ವಪೆಯನ್ನೋ ಅದರ ನರವನ್ನೋ ಮಿಡಿಸಿದರೆ ಬಿಕ್ಕಳಿಕೆ ನಿಲ್ಲುವುದಿಲ್ಲ. ಇವುಗಳಲ್ಲಿ ಒಂದಿದ್ದರೂ ನಾನು ಕೈ ಮುಟ್ಟದೆ ಮೈಸೂರಿಗೆ ವಾಪಸ್ ಕಳಿಸುತ್ತಿದ್ದೆ. ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ 108ಕ್ಕೆ ಫೋನ್ ಮಾಡುವುದೇ ಕೆಲಸ.

ಭುಜ ಪರೀಕ್ಷಿಸಿದಾಗ, ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸುವುದು ಬಲಗೈಯ ಅರ್ಧದಷ್ಟೂ ಆಗಲಿಲ್ಲ. ನಾನೇ ನಿಧಾನವಾಗಿ ತಿರುಗಿಸಿದರೂ ಅಲ್ಲೇ ಹಿಡಿಯಿತು. ಭುಜ ಹಿಡಿದುಕೊಳ್ಳುವ ಫ್ರೋಜನ್ ಶೋಲ್ಡರ್ ಶುರುವಾಗುವುದು ಹೀಗೆಯೇ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಮೂರು ವಾರಕ್ಕೇ ಆ ಹೆಸರು ಕೊಡುವುದು ಅವಸರ, ಆದರೆ ದಾರಿ ಅದೇ ಕಡೆಗಿತ್ತು. ಆಪರೇಷನ್ ಮಾಡಿದ ವಿಭಾಗಕ್ಕೆ ಫೋನ್ ಮಾಡಿ ಎಲ್ಲಿಯವರೆಗೆ ಆಡಿಸಬಹುದು ಎಂದು ಕೇಳಿದೆ. ಆರು ವಾರದವರೆಗೆ ಭುಜದ ಮಟ್ಟದ ಕೆಳಗೆ ಏನು ಬೇಕಾದರೂ ಮಾಡಿಸಿ, ಜಗ್ಗಬೇಡಿ, ಆ ಜಾಗದ ಸುತ್ತ ಕರೆಂಟಿನ ಯಂತ್ರ ಇಡಬೇಡಿ ಎಂದರು. ಕೊನೆಯ ಮಾತು ಮುಖ್ಯ. ನಮ್ಮಲ್ಲಿ ನೋವಿಗೆ ಕೊಡುವ ಟೆನ್ಸ್, ಐಎಫ್‌ಟಿ, ಡಯಾಥರ್ಮಿ ಯಂತ್ರಗಳು ಪೇಸ್‌ಮೇಕರ್ ಇದ್ದವರಿಗೆ ಆಗಿಬರುವುದಿಲ್ಲ. ಬೇರೆ ಕ್ಲಿನಿಕ್ಕಿಗೆ ಹೋದಾಗಲೂ ಮೊದಲು ಪೇಸ್‌ಮೇಕರ್ ಕಾರ್ಡ್ ತೋರಿಸಿ ಎಂದು ಸೊಸೆಗೆ ಹೇಳಿದೆ.

ಭಯ ಬಿಡಿಸುವುದು

ವ್ಯಾಯಾಮಕ್ಕೆ ಮುಂಚೆ ಭಯದ ಮಾತಾಡಬೇಕಿತ್ತು. "ಕೈ ಆಡ್ಸುದ್ರೆ ತಂತಿ ಕಿತ್ಕೊಂಡ್ಬುಡ್ತದಂತೆ" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಹಾಗೇನೂ ಆಗಲ್ಲ ಬಿಡಿ ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೆ ತಂತಿ ಹೇಗೆ ಕೂತಿದೆ ಎಂದು ಚಿತ್ರ ಬರೆದು ತೋರಿಸಿದೆ. ತಂತಿಯ ತುದಿಯಲ್ಲಿ ಸಣ್ಣ ತಿರುಪು ಇರುತ್ತದೆ, ಅದು ಹೃದಯದ ಒಳಗೋಡೆಗೆ ಕಚ್ಚಿಕೊಂಡಿದೆ. ಮೇಲ್ಗಡೆ ತಂತಿಯನ್ನು ಎದೆಯ ಸ್ನಾಯುವಿಗೆ ಹೊಲಿದಿದ್ದಾರೆ. ನಡುವೆ ಬಿಗಿಯಾಗಿ ಎಳೆದಿಲ್ಲ, ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟಿದ್ದಾರೆ. ತುದಿಯ ಸುತ್ತ ವಾರಗಳು ಕಳೆದಂತೆ ಗಾಯ ಕೂಡಿ ಗಟ್ಟಿಯಾಗುತ್ತದೆ. ಅದಕ್ಕೇ ಆರು ವಾರದ ಲೆಕ್ಕ. ತಂತಿ ಜರುಗುವುದು ಇಲ್ಲವೇ ಇಲ್ಲ ಎಂದಲ್ಲ, ನೂರರಲ್ಲಿ ಒಂದಿಬ್ಬರಿಗೋ ಮೂವರಿಗೋ ಆಗುತ್ತದೆ. ಆದರೆ ತಟ್ಟೆ ಹಿಡಿದರೆ, ಮುಖ ತೊಳೆದರೆ ಅದು ಕಿತ್ತು ಬರುವುದಿಲ್ಲ.

ಅದಕ್ಕಿಂತ ನೀವು ಪೆಟ್ಟಿಗೆಯನ್ನು ಹೀಗೆ ಒತ್ತಿ ತಿರುಗಿಸುತ್ತಾ ಕೂರುವುದೇ ಒಳ್ಳೆಯದಲ್ಲ ಎಂದೆ. ಉತ್ಪ್ರೇಕ್ಷೆಯಲ್ಲ. ಅಭ್ಯಾಸಬಲದಿಂದ ಪೆಟ್ಟಿಗೆಯನ್ನು ಚರ್ಮದೊಳಗೇ ತಿರುಗಿಸಿ ತಿರುಗಿಸಿ ತಂತಿ ಸುತ್ತಿಕೊಂಡು ಎಳೆದುಬರುವ ಪ್ರಕರಣಗಳಿವೆ. ಅಪರೂಪ, ಆದರೆ ಇವೆ. ಕೈ ತಕ್ಷಣ ಕೆಳಗೆ ಬಂತು.

ಮೊಟ್ಟಮೊದಲು ಪೇಸ್‌ಮೇಕರ್ ಹಾಕಿಸಿಕೊಂಡ ಆರ್ನೆ ಲಾರ್ಸನ್ ಕಥೆಯನ್ನೂ ಹೇಳಿದೆ. ಸ್ವೀಡನ್ ದೇಶದಲ್ಲಿ 1958ರಲ್ಲಿ. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಆತ ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು 86 ವರ್ಷ ಬದುಕಿ, 2001ರಲ್ಲಿ ತೀರಿಕೊಂಡರು. ಧೈರ್ಯ ಬರಲಿ ಎಂದು ಹೇಳಿದ್ದು. ಅಮ್ಮ ಬೆಚ್ಚಿಬಿದ್ದರು: "ಅಷ್ಟ್ ಸಲ ಕುಯ್ಸ್ಕಬೇಕಾ ನಾನು?" ಇಲ್ಲ, ಈಗಿನ ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ, ಕೆಲವು ಸಲ ಇನ್ನೂ ಜಾಸ್ತಿ ಬರುತ್ತದೆ. ಬದಲಿಸುವಾಗ ತಂತಿ ಚೆನ್ನಾಗಿದ್ದರೆ ಅದನ್ನು ಮುಟ್ಟುವುದಿಲ್ಲ, ಪೆಟ್ಟಿಗೆ ಮಾತ್ರ ಬದಲಿಸುತ್ತಾರೆ ಎಂದು ಸಮಾಧಾನ ಮಾಡಬೇಕಾಯಿತು.

ನೋವಿಗೆ ಮಾಡಿದ್ದು

ಮೊದಲು ಮಾತ್ರೆ. ಡೈಕ್ಲೋಫೆನಾಕ್ ನಿಲ್ಲಿಸಿದೆವು. ಅವರ ಡಾಕ್ಟರು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ದಿನಕ್ಕೆ ಮೂರು ಹೊತ್ತು, ಒಂದು ವಾರ ತಪ್ಪದೆ ತೆಗೆದುಕೊಳ್ಳಿ ಎಂದರು. ನೋವು ಏರಿದ ಮೇಲೆ ನುಂಗುವುದಕ್ಕಿಂತ ಏರದ ಹಾಗೆ ನೋಡಿಕೊಳ್ಳುವುದು ಸುಲಭ. ಒಂದು ಹೊತ್ತಿನ ಮಾತ್ರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ, ಇನ್ನೊಂದು ಮಲಗುವ ಮುಂಚೆ ಬೀಳುವ ಹಾಗೆ ಹೊತ್ತು ಹೊಂದಿಸಿದೆವು. ಈ ಮಾತ್ರೆಗೂ ಮಿತಿ ಇದೆ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಡಾಕ್ಟರು ಇನ್ನೂ ಕಡಿಮೆ ಹೇಳುತ್ತಾರೆ. ನೆಗಡಿ ಮಾತ್ರೆಗಳಲ್ಲೂ ಇದೇ ಔಷಧಿ ಸೇರಿರುತ್ತದೆ, ಲೆಕ್ಕ ತಪ್ಪುವುದು ಅಲ್ಲೇ.

ಪಕ್ಕದ ಮನೆಯವರು ಎಣ್ಣೆ ನೀವಿ ಉಪ್ಪಿನ ಶಾಖ ಕೊಡುತ್ತೇನೆ ಎಂದು ಬಂದಿದ್ದರಂತೆ. ಸೊಸೆ ಬೇಡ ಎಂದು ಜಗಳವಾಡಿ ಕಳಿಸಿದ್ದಳು. ಅವಳು ಮಾಡಿದ್ದೇ ಸರಿ. ಹೊಸ ಗಾಯದ ಮೇಲೆ ಶಾಖ, ಎಣ್ಣೆ, ಅರಿಶಿನ ಯಾವುದೂ ಬೇಡ. ಗಾಯದಿಂದ ದೂರ, ಕುತ್ತಿಗೆಯ ಹಿಂಭಾಗಕ್ಕೆ ಬೆಚ್ಚಗಿನ ಬಟ್ಟೆ ಮಾತ್ರ ಇಡಲು ಹೇಳಿದೆ.

ಟವೆಲ್ ಕಟ್ಟು ಅವತ್ತೇ ಬಿಚ್ಚಿದೆವು. ಬಸ್ಸಿಗೆ ಹತ್ತುವಾಗ ಮಾತ್ರ ಹಾಕಿಕೊಳ್ಳಿ ಎಂದೆ. ಅದು ಕೈಗೆ ಆಸರೆಯಾಗಿ ಅಲ್ಲ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನುಗ್ಗುವವರಿಗೆ ಕಾಣಲಿ ಎಂದು. ಮೇಲಿನ ಕಂಬಿಯನ್ನು ಎಡಗೈಯಲ್ಲಿ ಹಿಡಿಯಲೇಬಾರದು, ಸೀಟು ಸಿಗದಿದ್ದರೆ ಮುಂದಿನ ಬಸ್ಸು.

ವ್ಯಾಯಾಮ ದೊಡ್ಡದೇನಲ್ಲ. ಬೆರಳು, ಮಣಿಕಟ್ಟು, ಮೊಣಕೈ ಮಡಚಿ ಬಿಡುವುದು. ಭುಜವನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಆಡಿಸುವುದು. ಬಲಗೈಯನ್ನು ಜಗಲಿಯ ಅಂಚಿಗೆ ಊರಿ ಬಗ್ಗಿ, ಎಡಗೈ ಜೋತುಬಿಟ್ಟು ಸಣ್ಣದಾಗಿ ತೂಗುವುದು. ಮೇಜಿನ ಮೇಲೆ ಬಟ್ಟೆ ಹಾಕಿ ಅಂಗೈ ಮುಂದಕ್ಕೆ ಜಾರಿಸುವುದು. ಇವನ್ನು ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಎಳೆದ ಹಾಗಾದರೆ ಪರವಾಗಿಲ್ಲ, ಚುರ್ ಎಂದರೆ ನಿಲ್ಲಿಸಿ. ಆದರೆ ಹಳ್ಳಿಯ ಹೆಂಗಸಿಗೆ ವ್ಯಾಯಾಮ ಎಂಬುದೇ ನಾಚಿಕೆ. ಕೈ ಬೀಸುತ್ತಾ ನಿಂತರೆ ಯಾರಾದರೂ ನೋಡಿ ನಗುತ್ತಾರೆ ಎನ್ನುತ್ತಾರೆ. ಅದಕ್ಕೆ ಕೆಲಸಗಳನ್ನೇ ಆರಿಸಿಕೊಟ್ಟೆ. ಅವರೆಕಾಯಿ ಸುಲಿಯಿರಿ, ಅಕ್ಕಿಯಲ್ಲಿ ಕಲ್ಲು ಆರಿಸಿ, ಎಡಗೈಯಲ್ಲೇ ಲೋಟ ಹಿಡಿದು ಕಾಫಿ ಕುಡಿಯಿರಿ. ಮುದ್ದೆ ತೊಳಸುವುದು ಬೇಡ, ಅದಕ್ಕೆ ಎರಡೂ ತೋಳಿನ ಬಲ ಬೇಕು. ಮೊರ ಕೇರುವುದು ಬೇಡ. ಬಿಂದಿಗೆ, ಹುಲ್ಲಿನ ಹೊರೆ ಬೇಡವೇ ಬೇಡ. ತಲೆ ಬಾಚಿ ಜಡೆ ಹಾಕುವುದನ್ನು ಸೊಸೆಯೇ ಮಾಡಲಿ.

ಹೆಂಗಸರಿಗೆ ಇನ್ನೊಂದು ತೊಂದರೆ ಇದೆ, ಇದನ್ನು ಯಾವ ಡಿಸ್ಚಾರ್ಜ್ ಹಾಳೆಯಲ್ಲೂ ನಾನು ಕಂಡಿಲ್ಲ. ಸೆರಗು ಬೀಳುವುದು ಎಡ ಭುಜದ ಮೇಲೆ. ಪಿನ್ ಚುಚ್ಚುವುದೂ ಅಲ್ಲೇ. ಒಳಬಟ್ಟೆಯ ಪಟ್ಟಿ, ತಾಳಿ ಸರ ಎಲ್ಲ ಬಂದು ಉಜ್ಜುವುದು ಗಾಯದ ಹತ್ತಿರವೇ. ಇವರ ಎರಡಾಣೆ ಗಾಯದ ನೋವಿನಲ್ಲಿ ಒಂದಾಣೆ ಇದರದೇ ಇರಬೇಕು. ಮನೆಯಲ್ಲಿ ಮುಂದೆ ಗುಂಡಿ ಇರುವ ಸಡಿಲ ನೈಟಿ ಹಾಕಿಕೊಳ್ಳಿ ಎಂದೆ. ಹೊರಗೆ ಹೋಗುವಾಗ ಹಗುರ ಹತ್ತಿ ಸೀರೆ, ಪಿನ್ ಬೇಡ, ಪಟ್ಟಿಯ ಕೆಳಗೆ ಹಳೇ ಪಂಚೆಯ ಮೆತ್ತನೆಯ ತುಂಡು ಮಡಚಿ ಇಡಿ. ತೊಡುವಾಗ ಎಡಗೈ ಮೊದಲು, ಬಿಚ್ಚುವಾಗ ಎಡಗೈ ಕೊನೆಗೆ. ತಾಳಿ ತೆಗೆಯಲು ಅವರು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬಲಗಡೆಗೆ ಸರಿಸಿ ಬಟ್ಟೆಯೊಳಗೆ ಇಟ್ಟುಕೊಂಡರು.

ರಾತ್ರಿಯ ನೋವು ಕೊನೆಗೆ ಬಗ್ಗಿದ್ದು ಮಲಗುವ ಕ್ರಮದಿಂದ. ಚಾಪೆಯಿಂದ ಏಳುವಾಗ ಎಡಗೈ ಊರುತ್ತಿದ್ದರು. ಮಂಚಕ್ಕೆ ಬಂದರು. ಅಂಗಾತ ಮಲಗಿ ಎಡ ಮೊಣಕೈ ಕೆಳಗೆ ಮಡಚಿದ ಕಂಬಳಿ ಇಟ್ಟರೆ ಭುಜ ಹಿಂದಕ್ಕೆ ಬೀಳುವುದಿಲ್ಲ. ಬಲಕ್ಕೆ ಹೊರಳಿದರೆ ದಿಂಬು ತಬ್ಬಿಕೊಳ್ಳಬೇಕು. ಏಳುವಾಗ ಬಲಕ್ಕೆ ಹೊರಳಿ ಬಲಗೈ ಊರಬೇಕು. ಸಂಜೆ ಗಂಡನ ಜೊತೆ ನಾಲೆ ಏರಿಯ ಮೇಲೆ ನಡೆಯಲು ಹೇಳಿದೆ. ಅದು ಕಾಲಿಗಿಂತ ಮನಸ್ಸಿಗೆ. ಸಂಜೆ ಹೊತ್ತಿಗೆ ಬರುತ್ತಿದ್ದ ಕಥೆ ಹೇಳುವವರು ಇದರಿಂದ ತಪ್ಪಿದರು ಎಂಬುದು ಸೊಸೆಯ ಅಭಿಪ್ರಾಯ. ನನಗೂ ಹಾಗೇ ಅನ್ನಿಸಿತು.

ನಡುವೆ ಒಂದು ಗಾಬರಿ

ಐದನೇ ವಾರದಲ್ಲಿ ಕರು ಹಗ್ಗ ಎಳೆದುಕೊಂಡು ಓಡಿತು. ಹಿಡಿದಿದ್ದು ಎಡಗೈಯಲ್ಲಿ. ಎದೆಯ ಹತ್ತಿರ ಚುರ್ ಎಂದಿತು. ಮನೆಯಲ್ಲಿ ಗೋಳಾಟ. ಫೋನಿನಲ್ಲೇ ನಾಡಿ ಎಣಿಸಲು ಹೇಳಿದೆ. ಇದನ್ನು ಸೊಸೆಗೆ ಮೊದಲೇ ಕಲಿಸಿದ್ದೆ: ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ. ಇವರ ಪೇಸ್‌ಮೇಕರನ್ನು 60ಕ್ಕಿಂತ ಕೆಳಗೆ ಇಳಿಯದ ಹಾಗೆ ಹೊಂದಿಸಿದ್ದರು. ಎಣಿಸಿದಾಗ 66. ತಲೆಸುತ್ತಿಲ್ಲ, ಬಿಕ್ಕಳಿಕೆ ಇಲ್ಲ. ಆದರೂ ಮಾರನೇ ದಿನ ಮೈಸೂರಿಗೆ ಹೋಗಿ ತೋರಿಸಿಕೊಂಡು ಬಂದರು. ಎಕ್ಸ್‌ರೇಯಲ್ಲಿ ತಂತಿ ಇದ್ದಲ್ಲೇ ಇತ್ತು. ಈ ಗಾಬರಿ ಒಂದು ರೀತಿಯಲ್ಲಿ ಉಪಕಾರವನ್ನೇ ಮಾಡಿತು. ಕರು ಎಳೆದರೂ ಕಿತ್ತು ಬರದ ತಂತಿ ಕಾಫಿ ಲೋಟಕ್ಕೆ ಬರುವುದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಹಾಗೆಂದು ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಬಾರದು.

ಈಗ

ಆರು ವಾರದ ತಪಾಸಣೆ ಆದಮೇಲೆ ಕೈ ಮೇಲೆತ್ತಲು ಅನುಮತಿ ಸಿಕ್ಕಿತು. ಗೋಡೆಯ ಮೇಲೆ ಬೆರಳು ನಡೆಸುತ್ತಾ ದಿನಕ್ಕೆ ಒಂದಿಷ್ಟು ಮೇಲೆ ಹೋದರು. ಎರಡೂವರೆ ತಿಂಗಳ ಹೊತ್ತಿಗೆ ಗಾಯದ ನೋವು ಇಲ್ಲ, ಭುಜದ್ದು ಎರಡಾಣೆ. ಕೈ ಮೇಲಕ್ಕೆ ಪೂರ್ತಿ ಹೋಗುತ್ತದೆ. ಬೆನ್ನ ಹಿಂದೆ ಕೈ ತರುವುದು ಮಾತ್ರ ಇನ್ನೂ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕಾಗಬಹುದು. ಒಂದು ಹಸುವಿನ ಹಾಲು ತಾವೇ ಕರೆಯುತ್ತಾರೆ. ಹಾಯುವ ಹಸುವನ್ನು ಸೊಸೆಗೆ ಬಿಟ್ಟಿದ್ದಾರೆ, ಎದೆಗೆ ಕೊಂಬು ತಾಗಿದರೆ ಕಷ್ಟ. ಗಾಯದ ಕಲೆ ಆಗಾಗ ತುರಿಸುತ್ತದೆ, ಸುತ್ತ ಸ್ವಲ್ಪ ಜೋಮು ಹಿಡಿದ ಹಾಗಿದೆ ಎನ್ನುತ್ತಾರೆ. ಚರ್ಮದ ಸಣ್ಣ ನರಗಳು ಕೊಯ್ದ ಕಡೆ ಹೀಗಾಗುವುದು ಸಹಜ.

ಮಗನಿಗೆ ಒಂದು ಮಾತು ಬೇರೆಯಾಗಿ ಹೇಳಿ ಕಳಿಸಿದ್ದೇನೆ. ಮುಂದೆ ಎಷ್ಟೇ ತಿಂಗಳು, ವರ್ಷ ಕಳೆದಿರಲಿ, ಪೆಟ್ಟಿಗೆಯ ಜಾಗ ಹೊಸದಾಗಿ ನೋಯಲು ಶುರುವಾಗಿ ಕೆಂಪಾದರೆ, ಚರ್ಮ ತೆಳುವಾಗಿ ಹೊಳೆದರೆ, ನೀರು ಒಸರಿದರೆ, ಅದನ್ನು ಊರಿನಲ್ಲಿ ಸೂಜಿ ಚುಚ್ಚಿ ತೆಗೆಸಬಾರದು. ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ತಂದು ನುಂಗಿಸಿ ಕಾಯುವುದೂ ಬೇಡ. ಕಾರ್ಡ್ ತೆಗೆದುಕೊಂಡು ನೇರ ಮೈಸೂರಿಗೆ ಹೋಗಬೇಕು. ಪೇಸ್‌ಮೇಕರ್ ಕಾರ್ಡಿನ ಒಂದು ಜೆರಾಕ್ಸ್ ಅಮ್ಮನ ಎಲೆಅಡಿಕೆ ಚೀಲದಲ್ಲಿದೆ, ಇನ್ನೊಂದು ಅವನ ಬೈಕಿನ ಆರ್‌ಸಿ ಜೊತೆಯಲ್ಲಿದೆ.